ಮಾತು ಕಲಿತ ಮೂಕತಾರೆ

ಮೂಕಚಿತ್ರಗಳ ಯುಗದಲ್ಲಿ ನಟಿಯ ಕಣ್ಣೇ ಮಾತು, ಹುಬ್ಬಿನ ಕೊಂಕೇ ಅರ್ಥ. ಆಕೆಯ ಮನೆಮಾತು ಯಾವುದೆಂದು ಪ್ರೇಕ್ಷಕರು ವಿಚಾರಿಸುವಂತಿರಲಿಲ್ಲ. ಆ ಮೌನಸಾಮ್ರಾಜ್ಯದ ರಾಣಿಯಾಗಿ ಮೆರೆದವಳು ಸುಲೋಚನಾ.

ಆಕೆಯ ನಿಜನಾಮ ರೂಬಿ ಮೈಯರ್ಸ್. ೧೯೦೭ರಲ್ಲಿ ಪುಣೆಯ ಯಹೂದಿ ಮನೆತನವೊಂದರಲ್ಲಿ ಜನನ. ಮೊದಲು ಕೈಗೊಂಡ ಉದ್ಯೋಗ ಟೆಲಿಫೋನ್ ಆಪರೇಟರಿನದು. ಮುಖ ಕಾಣದ ಜನರೊಡನೆ ಕೇವಲ ದನಿಯಿಂದ ವ್ಯವಹರಿಸುವ ಕೆಲಸ. ಮುಂಬಯಿಯ ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವನಾನಿ ನಟಿಸಲು ಕರೆದಾಗ ಆಕೆ ಒಪ್ಪಲಿಲ್ಲ. ಮರ್ಯಾದಸ್ಥ ಮನೆಯ ಹೆಣ್ಣುಮಗಳು ಕ್ಯಾಮರಾದ ಮುಂದೆ ನಿಲ್ಲುವುದನ್ನು ಸಮಾಜ ಸಹಿಸದಿದ್ದ ದಿನಗಳವು. ಭವನಾನಿಯವರು ಪಟ್ಟು ಬಿಡಲಿಲ್ಲ. ೧೯೨೫ರಲ್ಲಿ 'ವೀರಬಾಲಾ' ತೆರೆ ಕಂಡಿತು. ದನಿಯನ್ನೇ ನಂಬಿ ಬದುಕಿದ್ದ ತರುಣಿ ದನಿಯಿಲ್ಲದ ಕಲೆಗೆ ಕಾಲಿರಿಸಿದಳು.

೧೯೨೭ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಆಕೆ ಧರಿಸಿದ ವೇಷಗಳು ಎಂಟು. ಅವುಗಳಲ್ಲಿ ಪೊಲೀಸಿನವನ ವೇಷವೂ ಒಂದು! ಮರುವರ್ಷ ಇಂಪೀರಿಯಲ್ ಕಂಪನಿಯ 'ಅನಾರ್ಕಲಿ'ಯಾದಳು. ದೇಶದ ಅತ್ಯಂತ ಜನಪ್ರಿಯ ತಾರೆಯರಲ್ಲಿ ಆಕೆಯ ಹೆಸರು ಮುಂಚೂಣಿಗೆ ಬಂದಿತು.

ಅಷ್ಟರಲ್ಲಿ ತೆರೆಗೆ ಬಾಯಿ ಬಂದಿತು. ೧೯೩೧ರ ಮಾರ್ಚ್ ೧೪ರಂದು ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ಮುಂಬಯಿಯಲ್ಲಿ ಬಿಡುಗಡೆಯಾಯಿತು. ಅದನ್ನು ತಯಾರಿಸಿದುದು ಅದೇ ಇಂಪೀರಿಯಲ್ ಕಂಪನಿ. ಆದರೆ ನಾಯಿಕೆ ಸುಲೋಚನಾ ಅಲ್ಲ, ಜುಬೇದಾ. ಹಿಂದುಸ್ತಾನಿ ಸುಲೋಚನಾಳ ನಾಲಿಗೆಗೆ ಒಗ್ಗಿರಲಿಲ್ಲ.

ಇಂತಹ ಗಳಿಗೆಯಲ್ಲಿ ಎಷ್ಟೋ ಮೂಕತಾರೆಯರು ಕಣ್ಮರೆಯಾದರು. ಸುಲೋಚನಾ ಮಾತ್ರ ಕೀರ್ತಿಯನ್ನು ಬದಿಗಿರಿಸಿ, ವಿದ್ಯಾರ್ಥಿನಿಯಂತೆ ಭಾಷೆ ಕಲಿಯಲು ಕುಳಿತಳು. ೧೯೩೨ರಲ್ಲಿ 'ಮಾಧುರಿ'ಯಾಗಿ ಮಾತನಾಡಿದಳು. ೧೯೩೫ರಲ್ಲಿ ಮತ್ತೊಮ್ಮೆ ಅನಾರ್ಕಲಿಯಾದಳು, ಈ ಸಲ ದನಿಯೊಡನೆ.

ಕಾಲ ಮಾತ್ರ ಯಾರಿಗೂ ನಿಲ್ಲುವುದಿಲ್ಲ. ಹೊಸ ಮುಖಗಳು ಬಂದವು, ದೊರೆಯುವ ಪಾತ್ರಗಳು ಕಿರಿದಾದವು. ೧೯೫೩ರಲ್ಲಿ ಮೂರನೆಯ 'ಅನಾರ್ಕಲಿ' ಬಂದಾಗ ನಾಯಿಕೆ ಬೀನಾ ರಾಯ್. ಸುಲೋಚನಾ ಅದರಲ್ಲಿ ಸಲೀಮನ ತಾಯಿ ಜೋಧಾಬಾಯಿ. ಆ ರಾಜಮಾತೆಯೇ ಹಿಂದೆ ಎರಡು ಬಾರಿ ಅನಾರ್ಕಲಿಯಾಗಿದ್ದಳೆಂದು ಎಷ್ಟು ಮಂದಿ ತರುಣ ಪ್ರೇಕ್ಷಕರು ಅರಿತಿದ್ದರೋ!

೧೯೭೩ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಆಕೆಗೆ ಸಂದಿತು. ೧೯೮೩ರಲ್ಲಿ ಮುಂಬಯಿಯಲ್ಲಿ ಆಕೆ ತೀರಿಕೊಂಡಳು. ಆಕೆಯ ಮೂಕಚಿತ್ರಗಳಲ್ಲಿ ಬಹುಪಾಲು ಇಂದು ನೋಡಲು ದೊರೆಯುವುದಿಲ್ಲ. ಲಕ್ಷಾಂತರ ಜನರನ್ನು ಮರುಳುಗೊಳಿಸಿದ ಆ ಕಣ್ಣುಗಳ ಮಾತು ಕರಗಿಹೋಗಿದೆ. ನಾಯಿಕೆಯ ಪಟ್ಟ ಕೈಬಿಟ್ಟ ಮೇಲೂ ತಾಯಿಯ ಪಾತ್ರಕ್ಕೆ ಬಣ್ಣ ಹಚ್ಚಿಕೊಂಡ ಆ ಕಲಾವಿದೆಯ ಧೈರ್ಯವಾದರೂ ನೆನಪಿನಲ್ಲಿ ಉಳಿಯಬೇಕು.