ಚಿಟ್ಟೆಮೀನೂ ಹವಳದ ತೊಟ್ಟಿಯೂ

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ ಜೀವಂತ ಹವಳವನ್ನು ಬೆಳೆಸುವ ಹವ್ಯಾಸವು ಈಗ ನಮ್ಮ ನಗರಗಳ ಗೃಹಸ್ಥರಲ್ಲಿಯೂ ಅಲ್ಲಲ್ಲಿ ಕಂಡುಬರುತ್ತಿದೆ. ಹವಳವು ಒಂದಿಷ್ಟು ನೆಲೆಗೊಂಡೊಡನೆ ಯಜಮಾನನ ಮನಸ್ಸು ಚಿಟ್ಟೆಮೀನಿನ ಕಡೆಗೆ ಹರಿಯುವುದು ಸಹಜವೇ. ಅಂಗೈಯಗಲದ ತೆಳ್ಳನೆಯ ಮೈ, ಹಳದಿ ಬಿಳಿ ಕಪ್ಪುಗಳ ಪಟ್ಟೆ, ಕಣ್ಣನ್ನೇ ಮರೆಸುವ ಕಾಡಿಗೆಯಂತಹ ಗೆರೆ; ಇದರ ಚೆಲುವಿಗೆ ಮಾರುಹೋಗದವರು ವಿರಳ. ಆದರೆ ಈ ಕುಟುಂಬದ ಸುಮಾರು 130 ಜಾತಿಗಳಲ್ಲಿ ಹವಳದೊಡನೆ ಒಂದೇ ತೊಟ್ಟಿಯಲ್ಲಿ ಬಾಳತಕ್ಕವು ಬೆರಳೆಣಿಕೆಯಷ್ಟು ಮಾತ್ರ. ಮಿಕ್ಕವುಗಳನ್ನು ತಂದರೆ ಹವಳವು ಸಾಯುವುದು, ಇಲ್ಲವೆ ಮೀನು ಸಾಯುವುದು. ಎಷ್ಟೋ ವೇಳೆ ಎರಡೂ.

ಇದರ ಕಾರಣವು ಹೆಸರಿನಲ್ಲಿಯೇ ಅಡಗಿದೆ. 1758ರಲ್ಲಿ ಲಿನ್ನೇಯಸ್ ಪಂಡಿತನು ಈ ಮೀನುಗಳಿಗೆ ಕೀಟೋಡಾನ್ ಎಂದು ನಾಮಕರಣ ಮಾಡಿದನು. ಅದು ಗ್ರೀಕ್ ಸಮಾಸ. ಪೂರ್ವಪದಕ್ಕೆ ಕೂದಲೆಂದೂ ಉತ್ತರಪದಕ್ಕೆ ಹಲ್ಲೆಂದೂ ಅರ್ಥ. ಆ ಉತ್ತರಪದವೂ ನಮ್ಮ ‘ದಂತ’ವೂ ಒಂದೇ ಮೂಲದ ಶಬ್ದಗಳು, ಆದುದರಿಂದ ನಾವು ಬಹುವ್ರೀಹಿ ಮಾಡಿ ‘ಕೇಶದಂತ’ವೆಂದರೆ ತಪ್ಪಾಗದು. ಕುಂಚದ ಕೂದಲಿನಂತೆ ಒತ್ತಾಗಿ ನಿಂತ ಸಣ್ಣ ಹಲ್ಲುಗಳ ಆ ಪುಟ್ಟ ಬಾಯಿ, ಕಲ್ಲುಹವಳದ ಗೂಡಿನಲ್ಲಿ ಹೂವಿನಂತೆ ಅರಳುವ ಪಾಲಿಪ್ ಎಂಬ ಜೀವಿಯನ್ನು ಒಂದೊಂದಾಗಿ ಕೀಳಲು ಹೇಳಿ ಮಾಡಿಸಿದಂತಿದೆ. ನಾವು ಹವಳವೆನ್ನುವ ಕಲ್ಲು ಆ ಜೀವಿ ಕಟ್ಟಿಕೊಂಡ ಮನೆ; ಮೀನಿಗೆ ಬೇಕಾದದ್ದು ಮನೆಯೊಡೆಯ.

ಟ್ರೈಫ್ಯಾಸಿಯಾಲಿಸ್, ಆರ್ನಾಟಿಸ್ಸಿಮಸ್, ಮೇಯರಿ ಎಂಬ ಜಾತಿಗಳು ಹವಳವಲ್ಲದೆ ಬೇರೆ ಆಹಾರವನ್ನು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. 1998ರಲ್ಲಿ ಕಡಲು ಕಾದು ಹಿಂದೂ ಮಹಾಸಾಗರದ ಹವಳಗಳು ಬೆಳ್ಳಗಾಗಿ ಸತ್ತಾಗ, ಅವನ್ನೇ ನಂಬಿದ್ದ ಇಂತಹ ಮೀನುಗಳೂ ಹಲವೆಡೆ ಕ್ಷೀಣಿಸಿದವು. ಸಮುದ್ರದಲ್ಲಿಯೇ ಈ ಪಾಡಾದರೆ ನಮ್ಮ ತೊಟ್ಟಿಯಲ್ಲಿ ಕೇಳಬೇಕೆ? ಮುಂದೆ ಸುರಿದ ಸೀಗಡಿಯನ್ನು ಅದು ನೋಡುತ್ತದೆ, ತಿನ್ನುವುದಿಲ್ಲ. ದಿನದಿನಕ್ಕೆ ಹೊಟ್ಟೆ ಒಳಸೇರಿ, ನೆತ್ತಿಯ ಹಿಂದೆ ಗುಳಿಬಿದ್ದು, ಕೆಲವು ವಾರಗಳಲ್ಲಿ ತೀರಿಹೋಗುತ್ತದೆ. ಇವುಗಳನ್ನು ಅಗ್ಗವೆಂದು ಕೊಟ್ಟರೂ ಕೊಳ್ಳಕೂಡದು.

ಆರಿಗಾ, ಲೂನುಲಾ ಎಂಬವು ಗಟ್ಟಿ ಜೀವಗಳು; ಹಾಕಿದ್ದನ್ನು ತಿಂದುಕೊಂಡು ಬಹುಕಾಲ ಬದುಕುತ್ತವೆ. ಆದರೆ ಹಾಕಿದ್ದರ ಮೇಲೆ ಹವಳವನ್ನೂ ಕಚ್ಚುವ ಚಾಳಿಯುಂಟು. ಮೀನುಗಳು ಮಾತ್ರವಿರುವ ತೊಟ್ಟಿಯೇ ಇವಕ್ಕೆ ತಕ್ಕ ಎಡೆ.

ಕಿತ್ತಳೆಬಣ್ಣದ ಪಟ್ಟೆಯ, ಕೊಕ್ಕಿನಂತೆ ಮೂತಿ ಚಾಚಿದ ಕೆಲ್ಮಾನ್ ರಾಸ್ಟ್ರೇಟಸ್ ಎಂಬುದನ್ನು ಜನ ಬೇರೊಂದು ಆಸೆಯಿಂದ ತರುತ್ತಾರೆ. ತೊಟ್ಟಿಯಲ್ಲಿ ಕಳೆಯಂತೆ ಹಬ್ಬುವ ಐಪ್ಟೇಸಿಯಾ ಎಂಬ ಕಂಟಕವನ್ನು ಅದು ತಿನ್ನುವುದುಂಟು. ತಿಂದೇ ತಿನ್ನುತ್ತದೆಂಬ ಭರವಸೆಯಿಲ್ಲ. ತಿಂದು ಮುಗಿಸಿದ ಮೇಲೆ ಅದಕ್ಕೆ ಮತ್ತೇನು ಗತಿಯೆಂಬುದನ್ನೂ ಮೊದಲೇ ಯೋಚಿಸಬೇಕು. ಹಸಿಯ ಚಿಪ್ಪುಮೀನನ್ನು ಬಿಡಿಸಿಟ್ಟರೆ ಕೆಲವು ಒಲಿಯುತ್ತವೆ. ಹೊಸಬರಿಗೆ ಇದನ್ನು ನಾನು ಹೇಳಲಾರೆ.

ಹಾಗಾದರೆ ಯಾವುದನ್ನು ತರತಕ್ಕದ್ದು? ಹವಳದಿಂದ ಬಾಯನ್ನು ತಿರುಗಿಸಿ, ನೀರಿನಲ್ಲಿ ತೇಲಿಬರುವ ಸೂಕ್ಷ್ಮಪ್ರಾಣಿಗಳನ್ನು ನಂಬಿದ ಜಾತಿಗಳನ್ನು. ಹೆಮಿಟಾರಿಕ್ತಿಸ್ ಪಾಲಿಲೆಪಿಸ್ ಇವುಗಳಲ್ಲಿ ಮುಖ್ಯವಾದುದು. ಬೆಳ್ಳನೆಯ ಮೈಯನ್ನು ಗೋಪುರದಂತೆ ಉಳಿಸಿ ಎರಡು ಕಡೆ ಹಳದಿ ಬಳಿದಂತಿರುವುದು. ಮಾಲ್ಡೀವ್ಸ್ ದ್ವೀಪಗಳ ಸುತ್ತ ಕಾಣುವ ಜೋಸ್ಟರ್ ಇದರ ದಾಯಾದಿ. ಎರಡೂ ಹಿಂಡುಜೀವಿಗಳು, ಗೇಣಿಗೆ ತುಸು ಕಡಿಮೆಯಾಗಿ ಬೆಳೆಯುವಂಥವು. ಐನೂರು ಲೀಟರಿಗೆ ಕಡಿಮೆಯ ತೊಟ್ಟಿಯಲ್ಲಿ ಇವುಗಳ ಹಿಂಡನ್ನು ಇಡಬಾರದು.

ಮೂರನೆಯದರಲ್ಲಿ ವಂಚನೆಗೆ ಅವಕಾಶವಿದೆ. ಹೆನಿಯೋಕಸ್ ಎಂದರೆ ಗ್ರೀಕರಲ್ಲಿ ಸಾರಥಿ. ಬೆನ್ನಿನ ಮೇಲೆ ಚಾವಟಿಯಂತೆ ನೀಳವಾದ ಬಿಳಿಯ ಎಳೆಯೊಂದು ಆಡುತ್ತಿರುತ್ತದೆ. ಇದರಲ್ಲಿ ಡೈಫ್ರ್ಯೂಟಿಸ್ ಎಂಬುದು ಸಾಧು, ಅಕ್ಯುಮಿನಾಟಸ್ ಎಂಬುದು ಹವಳ ಕಚ್ಚುವುದು. ನೋಟಕ್ಕೆ ಎರಡೂ ಅವಳಿಗಳು, ಅಂಗಡಿಯವನಿಗೆ ಎರಡೂ ಒಂದೇ. ಸಾಧುವಿನ ಮೂತಿ ಮೊಂಡು, ಬೆನ್ನಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ 12 ಮುಳ್ಳು. ಇನ್ನೊಂದರ ಮೂತಿ ಚೂಪು, ಮುಳ್ಳು 11. ಓಡಾಡುವ ಮೀನಿನ ಮುಳ್ಳನ್ನು ಎಣಿಸುವುದು ಸುಲಭವಲ್ಲ, ನಿಜ. ಆದರೂ ಒಂದು ಭಾವಚಿತ್ರವನ್ನು ತೆಗೆದು ಮನೆಯಲ್ಲಿ ಕುಳಿತು ಎಣಿಸಿದರೆ ಹೋಗುವುದೇನು?

ಕೊಳ್ಳುವ ಮೊದಲು ಅಂಗಡಿಯಲ್ಲಿ ನಿಮ್ಮೆದುರಿಗೇ ಅದಕ್ಕೆ ಆಹಾರ ಹಾಕಿಸಿ, ತಿನ್ನುವುದನ್ನು ಕಣ್ಣಾರೆ ನೋಡತಕ್ಕದ್ದು. ‘ಬೆಳಿಗ್ಗೆ ತಿಂದಿತು’ ಎಂಬ ಮಾತನ್ನು ಪ್ರಮಾಣವಾಗಿ ಎಣಿಸಬಾರದು. ಮನೆಗೆ ತಂದ ಮೇಲೆ ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದೂ ಉಣಿಸು ಒಗ್ಗಿತೆಂದೂ ತಿಳಿದು ಬಳಿಕ ಸೇರಿಸಬೇಕು. ತೇಲುವುದನ್ನು ತಿನ್ನುವ ಮೀನಿಗೆ ದಿನಕ್ಕೆ ಒಂದೇ ಸಲ ಉಣಿಸಿದರೆ ಸಾಲದು. ಚಿಕ್ಕ ತುತ್ತುಗಳಲ್ಲಿ ಮೂರು ಸಲವಾದರೂ ಬೇಕು. ಹೊಟ್ಟೆ ತುಂಬದ ಸಾಧುವೂ ಹವಳವನ್ನು ಕಚ್ಚಿ ನೋಡೀತು.

ಇನ್ನೊಂದು ಸಂಗತಿ. ನಮ್ಮ ಸಮುದ್ರದ ಕಲ್ಲುಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಸೇರಿಸಿದ್ದಾರೆ. ಕಿತ್ತು ತರುವುದೂ ಮಾರುವುದೂ ಅಪರಾಧ. ಹವಳ ಎಲ್ಲಿಂದ ಬಂದಿತೆಂಬುದಕ್ಕೆ ಕಾಗದಪತ್ರವಿಲ್ಲದ ಅಂಗಡಿಯ ಮೆಟ್ಟಿಲನ್ನು ಹತ್ತಬೇಡಿರಿ.

ಮೀನನ್ನು ಹವಳದ ತೊಟ್ಟಿಗೆ ಬಿಟ್ಟ ಮೇಲೆ ಮೊದಲ ತಿಂಗಳು ಪ್ರತಿದಿನವೂ ಪಾಲಿಪ್ಪುಗಳ ಮೇಲೆ ಕಣ್ಣಿರಲಿ. ದಿನವೂ ಅರಳುತ್ತಿದ್ದವು ಎರಡು ಮೂರು ದಿನ ಮುಚ್ಚಿಯೇ ಇದ್ದರೆ ಸಂದೇಹಪಡಬೇಕು. ಕಲ್ಲುಸಂದಿಗಳ ನಡುವೆ ಇದನ್ನು ಬಲೆಯಿಂದ ಹಿಡಿಯುವುದು ಬಲು ಕಷ್ಟ; ಒಳಗೆ ತಿನಿಸಿಟ್ಟು ಬಾಗಿಲು ಬೀಳಿಸುವ ಪಾರದರ್ಶಕ ಬೋನೊಂದನ್ನು ಮೀನಿನ ಜೊತೆಯಲ್ಲಿಯೇ ತಂದಿಟ್ಟುಕೊಳ್ಳುವುದು ಲೇಸು.