ಮರ್ಡೋಕ್ ಗಾದಿಗೆ ಯಾರು ಬಂದರೇನು?

ಮಾಧ್ಯಮ ದೊರೆ ರೂಪರ್ಟ್ ಮರ್ಡೋಕ್ ಮನೆಯ ಆಸ್ತಿ ಜಗಳ 2025ರ ಸೆಪ್ಟೆಂಬರ್‌ನಲ್ಲಿ ಇತ್ಯರ್ಥವಾಯಿತು. ಮೂವರು ಮಕ್ಕಳು ತಲಾ ಸುಮಾರು 110 ಕೋಟಿ ಡಾಲರ್ ಪಡೆದು ಪಕ್ಕಕ್ಕೆ ಸರಿದರು. ಫಾಕ್ಸ್ ನ್ಯೂಸ್‌ನಿಂದ ಲಂಡನ್ನಿನ ‘ದಿ ಟೈಮ್ಸ್‌’ವರೆಗೆ ಎಲ್ಲದರ ಚುಕ್ಕಾಣಿ ಮಗ ಲಾಕ್ಲನ್ ಕೈಯಲ್ಲಿ ಉಳಿಯಿತು. ಅಲ್ಲಿಂದಾಚೆ ಅಂಕಣಕಾರರದು ಒಂದೇ ಚರ್ಚೆ: ಮಗ ಅಪ್ಪನಿಗಿಂತ ಕಟ್ಟಾ ಬಲಪಂಥೀಯನೇ? ಆತನ ತಮ್ಮ ಜೇಮ್ಸ್ ಕೈ ಮೇಲಾಗಿದ್ದರೆ ಫಾಕ್ಸ್ ಬದಲಾಗುತ್ತಿತ್ತೇ?

ಇದು ಬರೀ ಕಾಲಹರಣ. ರೂಪರ್ಟ್ ಮರ್ಡೋಕ್‌ನ ಬಲವನ್ನು ಕಟ್ಟಿಕೊಟ್ಟಿದ್ದು ಚುನಾಯಿತ ಸರ್ಕಾರಗಳು. ಆ ಸರ್ಕಾರಗಳ ನಡವಳಿಕೆ ಬದಲಾಗದೆ ಗಾದಿಯಲ್ಲಿ ಯಾರು ಕೂತರೂ ಅಷ್ಟೇ.

ಎಲ್ಲರೂ ದಾಟಿಕೊಂಡು ಹೋಗುವ ದಿನಾಂಕ ಒಂದಿದೆ: 1981ರ ಜನವರಿ 4, ಭಾನುವಾರ. ಅಂದು ಮಧ್ಯಾಹ್ನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಚೆಕರ್ಸ್ ನಿವಾಸದಲ್ಲಿ ಮರ್ಡೋಕ್‌ಗೆ ಊಟ. ‘ಟೈಮ್ಸ್’ ಮತ್ತು ‘ಸಂಡೇ ಟೈಮ್ಸ್’ ಖರೀದಿಗೆ ಆತ ಹೊಂಚುತ್ತಿದ್ದ ಸಮಯ. ‘ಸನ್’, ‘ನ್ಯೂಸ್ ಆಫ್ ದಿ ವರ್ಲ್ಡ್’ ಆಗಲೇ ಆತನ ಜೇಬಿನಲ್ಲಿದ್ದವು. ಪ್ರಧಾನಿಯ ಪತ್ರಿಕಾ ಕಾರ್ಯದರ್ಶಿ ಬರ್ನಾರ್ಡ್ ಇಂಗಮ್ ಮಾತುಕತೆಯ ಟಿಪ್ಪಣಿ ಬರೆದರು, ಅದು ಪ್ರಧಾನಿ ಕಚೇರಿ ಬಿಟ್ಟು ಹೊರಗೆ ಹೋಗಲಿಲ್ಲ. ಥ್ಯಾಚರ್ ಶುಭ ಕೋರಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲವೆಂದೇ ಅದರಲ್ಲಿದೆ. ಇರಬಹುದು. ಆದರೆ ತಿಂಗಳು ಮುಗಿಯುವುದರೊಳಗೆ ವಾಣಿಜ್ಯ ಸಚಿವ ಜಾನ್ ಬಿಫನ್ ಈ ಖರೀದಿಯನ್ನು ಏಕಸ್ವಾಮ್ಯ ಆಯೋಗದ ಮುಂದಿಡುವ ಅಗತ್ಯವಿಲ್ಲ ಎಂದುಬಿಟ್ಟರು. ನಷ್ಟದಲ್ಲಿ ಮುಚ್ಚಿಹೋಗುವ ಪತ್ರಿಕೆಗೆ ಕಾನೂನಿನಲ್ಲಿದ್ದ ವಿನಾಯಿತಿಯನ್ನೇ ಎರಡಕ್ಕೂ ಅನ್ವಯಿಸಲಾಯಿತು. ‘ಸಂಡೇ ಟೈಮ್ಸ್’ ಅಂಥ ಸ್ಥಿತಿಯಲ್ಲಿಲ್ಲ ಎಂದು ಅಲ್ಲಿನ ಪತ್ರಕರ್ತರು ಬಾಯಿ ಬಡಿದುಕೊಂಡರೂ ಕೇಳಿದವರಿಲ್ಲ. ಸಂಪಾದಕೀಯ ಸ್ವಾತಂತ್ರ್ಯ ಕಾಯಲು ಸ್ವತಂತ್ರ ನಿರ್ದೇಶಕರಿರುತ್ತಾರೆ ಎಂಬ ಭರವಸೆಯೂ ಇತ್ತು. ಅದರ ಆಯುಸ್ಸು ‘ಟೈಮ್ಸ್’ ಸಂಪಾದಕ ಹೆರಾಲ್ಡ್ ಇವಾನ್ಸ್ 1982ರಲ್ಲಿ ಕುರ್ಚಿ ಬಿಡುವವರೆಗೆ.

ಆ ಊಟದ ಟಿಪ್ಪಣಿ ಬಯಲಾಗಲು 31 ವರ್ಷ ಬೇಕಾಯಿತು. 2012ರಲ್ಲಿ ಬ್ರಿಟನ್ ಪತ್ರಿಕೆಗಳ ನಡವಳಿಕೆ ವಿಚಾರಿಸುತ್ತಿದ್ದ ಲೆವೆಸನ್ ಆಯೋಗದ ಮುಂದೆ ಮರ್ಡೋಕ್, ತಾನು ಯಾವ ಪ್ರಧಾನಿಯ ಬಳಿಯೂ ಏನನ್ನೂ ಕೇಳಿದವನಲ್ಲ ಎಂದು ಪ್ರಮಾಣ ಮಾಡಿ ಹೇಳಿದ. ನಿಜವೇ ಇದ್ದೀತು. ಬಾಯಿಬಿಟ್ಟು ಕೇಳುವ ಪ್ರಮೇಯವೇ ಬಂದಿರಲಿಕ್ಕಿಲ್ಲ.

1992ರ ಬ್ರಿಟನ್ ಚುನಾವಣೆಯನ್ನು ಕನ್ಸರ್ವೇಟಿವ್ ಪಕ್ಷಕ್ಕೆ ಗೆದ್ದುಕೊಟ್ಟಿದ್ದು ತಾನೇ ಎಂದು ‘ಸನ್’ ಎದೆ ತಟ್ಟಿಕೊಂಡದ್ದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ 1997ರ ಮಾರ್ಚ್‌ನಲ್ಲಿ ಅದು ಲೇಬರ್ ಕಡೆ ವಾಲಿದಾಗ ಆ ಪಕ್ಷದ ನಾಯಕ ಟೋನಿ ಬ್ಲೇರ್ ಸಮೀಕ್ಷೆಗಳಲ್ಲಿ ಬಹಳ ದಿನಗಳಿಂದಲೇ ಮುಂದಿದ್ದರು. ಗೆಲ್ಲುವ ಕುದುರೆಯ ಬಾಲ ಹಿಡಿಯುವುದು ಪವಾಡವಲ್ಲ. ಗಮನಿಸಬೇಕಾದ್ದು, ಅದೇ ಬ್ಲೇರ್ 1995ರಲ್ಲಿ ಮರ್ಡೋಕ್ ಕಂಪನಿಯ ಸಮಾವೇಶಕ್ಕೆಂದು ಆಸ್ಟ್ರೇಲಿಯಾದ ಹೇಮನ್ ದ್ವೀಪದವರೆಗೆ ಹಾರಿದ್ದು. ಮತದಾರ ‘ಸನ್’ ಮಾತು ಕೇಳಿದನೋ ಇಲ್ಲವೋ, ರಾಜಕಾರಣಿಗಳಂತೂ ನಂಬಿ ನಡುಗಿದರು. ಫೋನ್ ಕದ್ದಾಲಿಕೆ ಹಗರಣದಲ್ಲಿ ‘ನ್ಯೂಸ್ ಆಫ್ ದಿ ವರ್ಲ್ಡ್’ ಮುಚ್ಚಿದ ಮೇಲೂ ಅಷ್ಟೇ: ಲೆವೆಸನ್ ವಿಚಾರಣೆಯ ಎರಡನೇ ಭಾಗವನ್ನು 2018ರಲ್ಲಿ ಸರ್ಕಾರವೇ ಕೈಬಿಟ್ಟಿತು. ಅಮೆರಿಕದಲ್ಲಿ ಫಾಕ್ಸ್‌ನಿಂದ 78.75 ಕೋಟಿ ಡಾಲರ್ ಕಕ್ಕಿಸಿದ್ದು ಕೂಡ ಡೊಮಿನಿಯನ್ ಎಂಬ ಮತಯಂತ್ರ ಕಂಪನಿಯ ಮಾನನಷ್ಟ ಮೊಕದ್ದಮೆಯೇ ಹೊರತು ಸರ್ಕಾರವಲ್ಲ.

ಸರ್ಕಾರ ಗೆರೆ ಎಳೆದರೆ ಮರ್ಡೋಕ್ ನಿಲ್ಲುತ್ತಾನೆ ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 2003ರಲ್ಲಿ ಸುದ್ದಿ ವಾಹಿನಿಗಳಲ್ಲಿ ವಿದೇಶಿ ಪಾಲಿಗೆ ಶೇ 26ರ ಮಿತಿ ಬಂದಾಗ ಆತನ ಒಡೆತನದ ಸ್ಟಾರ್ ನ್ಯೂಸ್‌ನ ಶೇ 74ರಷ್ಟು ಪಾಲು ಆನಂದಬಜಾರ್ ಪತ್ರಿಕಾ ಸಮೂಹಕ್ಕೆ ಹೋಯಿತು. 2012ರಲ್ಲಿ ಸ್ಟಾರ್ ಪೂರ್ತಿ ಕೈತೊಳೆದುಕೊಂಡಿತು. ಕನ್ನಡದ ಸುವರ್ಣ ಮನರಂಜನಾ ವಾಹಿನಿ ಸ್ಟಾರ್ ತೆಕ್ಕೆಗೆ ಬಿತ್ತು, ಸುವರ್ಣ ನ್ಯೂಸ್ ಬೀಳಲಿಲ್ಲ.

ಹೊರಗಿನವನಿಗೆ ಹಾಕಿದ ಗೆರೆಯನ್ನು ದೆಹಲಿ ಒಳಗಿನವರಿಗೆ ಹಾಕಿಲ್ಲ. ಮಾಧ್ಯಮ ಒಡೆತನದ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2009ರಲ್ಲಿ ಒಮ್ಮೆ ಶಿಫಾರಸು ಮಾಡಿತು. ರಾಜಕೀಯ ಪಕ್ಷಗಳನ್ನು ದೂರವಿಡಿ, ಉದ್ಯಮ ಸಮೂಹಗಳಿಗೆ ಮಿತಿ ಹೇರಿ ಎಂದು 2014ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಹೇಳಿತು. ಯುಪಿಎ ಹೋಯಿತು, ಎನ್‌ಡಿಎ ಬಂತು. ಕಾಯ್ದೆ ಮಾತ್ರ ಬಂದಿಲ್ಲ.