ಆಯಿಯ ದನಿಗೆ ತಕ್ಕ ಪ್ರಿಆಂಪ್ ಬೇಕು

1931ರಲ್ಲಿ 'ಗರತಿಯ ಹಾಡು' ಅಚ್ಚಾದಾಗ ಹಲಸಂಗಿ ಗೆಳೆಯರ ಕೈಯಲ್ಲಿದ್ದದ್ದು ಕಾಗದ ಮತ್ತು ಲೇಖಣಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಸಂಗಡಿಗರು ಬರೆದುಕೊಂಡಿದ್ದರಿಂದ ಬೀಸುಕಲ್ಲಿನ ಮುಂದಿನ ಸಾಲುಗಳು ಉಳಿದವು. ಹಾಡಿದವಳು ಎಲ್ಲಿ ಉಸಿರು ತೆಗೆದಳು, ಕಲ್ಲಿನ ಸುತ್ತಿಗೆ ಯಾವ ಅಕ್ಷರ ಎಳೆದಳು ಎಂಬುದು ಅವಳ ಜೊತೆಗೇ ಹೋಯಿತು. ಅವರಿಗೆ ಯಂತ್ರ ಇರಲಿಲ್ಲ, ನಮಗಿದೆ. ಆದರೂ ಇವತ್ತು ನಮ್ಮ ವಿಜಯಪುರ ಸೀಮೆಯಲ್ಲಿ ಹಿಡಿದ ಎಷ್ಟೋ ಹಾಡುಗಳನ್ನು ಕೇಳುವಾಗ ಕರುಳು ಚುರ್ರೆನ್ನುತ್ತದೆ. ಚಿತ್ರ ಥಳಥಳ ಹೊಳೆಯುತ್ತಿರುತ್ತದೆ, ದನಿಯ ಮೇಲೆ ಮಾತ್ರ ಮೊದಲಿನಿಂದ ಕೊನೆಯವರೆಗೆ 'ಸುಸ್' ಎನ್ನುವ ಸದ್ದು.

ನಾನು ಮೈಕ್ ಸೆಟ್ಟಿನ ಕೆಲಸದವನು. ಪ್ರವಚನ, ಭಜನೆ, ನಾಟಕ ನನ್ನ ಹೊಟ್ಟೆಪಾಡು. ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಹಳೆಯ ಹಾಡು ಹಿಡಿಯುವುದು ಮನಸ್ಸಿನ ಕೆಲಸ. ಕಾಲೇಜು ಹುಡುಗರು ಬಂದು "ಅಣ್ಣಾರ, ಯಾವ ಮೈಕ್ ತಗೋಬೇಕ್ರಿ?" ಅಂತ ಕೇಳುತ್ತಾರೆ. ಮೈಕ್ ಆಮೇಲೆ ನೋಡೋಣ, ಮೊದಲು ಪ್ರಿಆಂಪ್ ನೋಡ್ರಿ ಅನ್ನುತ್ತೇನೆ.

ಭಜನಾ ಮಂಡಳಿಗಳಿಗೆಲ್ಲ ಗೊತ್ತಿರುವ ಶ್ಯೂರ್ ಎಸ್‌ಎಂ58 ಮೈಕನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ದೂರದಲ್ಲಿ ಕೂತು ಸಹಜವಾಗಿ ಮಾತಾಡಿದರೆ ಅದರಿಂದ ಹೊರಡುವ ವಿದ್ಯುತ್ತು ಒಂದು ಮಿಲಿವೋಲ್ಟಿನ ಇಪ್ಪತ್ತೈದನೇ ಒಂದು ಪಾಲು ಇದ್ದೀತು. ರೆಕಾರ್ಡರಿಗೆ ಬೇಕಾದದ್ದು ಹೆಚ್ಚುಕಡಿಮೆ ಒಂದು ವೋಲ್ಟು. ಇಷ್ಟು ಸಣ್ಣದನ್ನು ಅಷ್ಟು ದೊಡ್ಡದು ಮಾಡುವುದೇ ಪ್ರಿಆಂಪ್ ಕೆಲಸ. ಹಾಗೆ ಮಾಡುವಾಗ ಅದು ತನ್ನದೇ ಸದ್ದನ್ನೂ ಸೇರಿಸುತ್ತದೆ. ಮೊದಲ ಮೆಟ್ಟಿಲಲ್ಲೇ ಸೇರಿಕೊಂಡ ಈ ಸುಸ್ ಸದ್ದು ಮುಂದೆ ಹಾಡಿನ ಜೊತೆಗೇ ದೊಡ್ಡದಾಗುತ್ತ ಹೋಗುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಒರೆಸಲು ಹೋದರೆ ಸಕಾರ ಶಕಾರಗಳೂ ಮುಪ್ಪಿನ ದನಿಯ ನಡುಕವೂ ಅದರ ಜೊತೆಗೇ ಅಳಿಸುತ್ತವೆ.

ಯಂತ್ರದ ಕಾಗದದಲ್ಲಿ ಪ್ರಿಆಂಪಿನ ಈ ಸುಸ್ ಸದ್ದಿಗೊಂದು ಅಂಕಿ ಇರುತ್ತದೆ, ಇಐಎನ್ ಅಂತ. ಮೈನಸ್ ಚಿಹ್ನೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. 150 ಓಮ್ ಮೂಲಕ್ಕೆ ಪ್ರಕೃತಿಯೇ ಹಾಕಿದ ಗೆರೆ ಮೈನಸ್ 131 ಡಿಬಿಯು ಹತ್ತಿರ, ಅದನ್ನು ಯಾವ ಕಂಪನಿಯೂ ದಾಟಲಾರದು. ಮೈನಸ್ 125ರ ಆಚೆಗಿದ್ದರೆ ಹಳ್ಳಿಯ ಕೆಲಸಕ್ಕೆ ಧಾರಾಳ ಸಾಕು. ಮೈನಸ್ 115ರದ್ದಾದರೆ ಸುಸ್ ಸದ್ದು ಕಿವಿಗೆ ಎರಡು ಪಟ್ಟು ಜೋರು. ಜಾಹೀರಾತಿನಲ್ಲಿ ಎಂಟು ಚಾನೆಲ್, ಬಣ್ಣದ ಪರದೆ ದಪ್ಪ ಅಕ್ಷರದಲ್ಲಿರುತ್ತವೆ, ಈ ಅಂಕಿಯನ್ನು ಹುಡುಕಬೇಕಾಗುತ್ತದೆ.

ಅಂಗಡಿಯಲ್ಲಿ ಪರೀಕ್ಷೆ ಮಾಡಲು ಕೆಲವೇ ರೂಪಾಯಿ ಸಾಕು. ಒಂದು ಎಕ್ಸ್‌ಎಲ್‌ಆರ್ ಪಿನ್ ತೆಗೆದುಕೊಂಡು, ಅದರ 2 ಮತ್ತು 3ನೇ ಕಡ್ಡಿಗಳ ನಡುವೆ 150 ಓಮ್ ರೆಸಿಸ್ಟರ್ ಬೆಸುಗೆ ಹಾಕಿ. ಮೈಕಿನ ಜಾಗದಲ್ಲಿ ಅದನ್ನು ಚುಚ್ಚಿ, ಗೇನ್ ಪೂರ್ತಿ ಏರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಈಗ ಕೇಳುವುದೆಲ್ಲ ಯಂತ್ರದ್ದೇ ಸದ್ದು. ಎರಡು ಯಂತ್ರಗಳನ್ನು ಒಂದೇ ಮಟ್ಟದಲ್ಲಿಟ್ಟು ಹೀಗೆ ಹೋಲಿಸಿದರೆ ಮಾರುವವನ ಮಾತು ಬೇಕಾಗುವುದಿಲ್ಲ.

ಮೊಬೈಲ್ ಇದೆಯಲ್ಲ ಅನ್ನುವವರಿಗೆ ತಿಕೋಟಾದ ಒಂದು ಮನೆಯ ಸಂಗತಿ ಹೇಳುತ್ತೇನೆ. ಎಂಬತ್ತು ದಾಟಿದ ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. "ತಮ್ಮಾ, ನನ್ನ ದನಿ ಬರತೈತೇನು ಅದರಾಗ? ಹಲ್ಲೂ ಇಲ್ಲ, ದಮ್ಮೂ ಇಲ್ಲ" ಅಂದರು. ಮೊಮ್ಮಗಳು ಮೊಬೈಲ್ ಹಿಡಿದಳು, ನಾನು ಎದೆಯಿಂದ ಗೇಣುದ್ದಕ್ಕೆ ಮೈಕ್ ಇಟ್ಟೆ. ಆಯಿ ಉಸಿರಿಗೆ ನಿಂತಾಗಲೆಲ್ಲ ಮೊಬೈಲು ತಾನಾಗಿಯೇ ಮಟ್ಟ ಏರಿಸಿ ಓಣಿಯ ಟಂಟಂ ಸದ್ದನ್ನು ಎಳೆದುಕೊಂಡಿತು. ಅವರು ಮತ್ತೆ ಶುರು ಮಾಡಿದರೆ ಮೊದಲ ಅಕ್ಷರವನ್ನೇ ಅಮುಕಿತು. ನನ್ನ ರೆಕಾರ್ಡಿಂಗಿನಲ್ಲಿ ಆ ಉಸಿರೂ ಬಳೆಯ ಸದ್ದೂ ಇದ್ದವು. ಹಾಡು ಮುಗಿದ ಮೇಲೆ ಹೆಡ್‌ಫೋನ್ ಆಯಿಯ ಕಿವಿಗಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿ, ಒಂದು ನುಡಿ ಬಿಟ್ಟುಹೋಗಿದೆ ಅಂತ ಮತ್ತೆ ಹಾಡಿದರು. ಆ ನುಡಿ ನಾನು ಬೇರೆಲ್ಲೂ ಕೇಳಿರಲಿಲ್ಲ.

ಮೊಹರಂನ ರಿವಾಯತ ಪದ, ಹಲಗೆಯ ಅಬ್ಬರ ಬೇರೆ ಮಾತು. ಅಲ್ಲಿ ಜೋರು ದನಿಯನ್ನು ತಾಳಿಕೊಳ್ಳುವ ಪ್ರಿಆಂಪ್ ಬೇಕು, ನಿಜ. ಆದರೆ ಜೋರಾದದ್ದನ್ನು ಹತ್ತು ಹೆಜ್ಜೆ ಹಿಂದೆ ಸರಿದು ಹಿಡಿಯಬಹುದು, ಮೆಲುದನಿಗೆ ಅಂಥ ಉಪಾಯವಿಲ್ಲ. ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ದನಿ ಏರಿಸದೆಯೇ ಮಾತಾಡಿದವರು. 2023ರ ಜನವರಿ 2ರಂದು ಅವರು ಅಗಲಿದ ಮೇಲೆ ಆ ಪ್ರವಚನಗಳ ರೆಕಾರ್ಡಿಂಗೇ ನಮಗೆ ಉಳಿದ ಆಸ್ತಿ. ಹಾಗಾಗಿ ಆಯ್ಕೆ ಮಾಡುವಾಗ ಮೆಲುದನಿಯನ್ನೇ ಅಳತೆ ಮಾಡಿಕೊಳ್ಳಿ ಅನ್ನುವುದು ನನ್ನ ಹಟ.

ಈಗ ಸಿಗುವುದರಲ್ಲಿ ಜೂಮ್ ಎಫ್3 ನನಗೆ ಸರಿ ಕಂಡದ್ದು. ಅಂಗೈಯಲ್ಲಿ ಹಿಡಿಸುತ್ತದೆ, ಎರಡು ಮೈಕಿಗೆ ಜಾಗ ಇದೆ, ಎಎ ಅಳತೆಯ ಎರಡು ಸೆಲ್ಲಿನಲ್ಲಿ ನಡೆಯುತ್ತದೆ, ಇಐಎನ್ ಮೈನಸ್ 127. 32 ಬಿಟ್ ಫ್ಲೋಟ್ ಎಂಬ ರೀತಿಯಲ್ಲಿ ಹಿಡಿಯುವುದರಿಂದ ಗೇನ್ ತಿರುಗಿಸುವ ತಲೆನೋವಿಲ್ಲ. ಫ್ಲೋಟ್ ಇದ್ದರೆ ಸುಸ್ ಸದ್ದೇ ಇರುವುದಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ, ಪ್ರಿಆಂಪ್ ಸದ್ದು ಅಲ್ಲೂ ಇದ್ದೇ ಇರುತ್ತದೆ. ಮನೆಯಲ್ಲಿ ಎಸ್‌ಎಂ58 ಇದ್ದು ರೆಕಾರ್ಡರ್ ಹಳೆಯದಾದರೆ ಕ್ಲೌಡ್‌ಲಿಫ್ಟರ್‌ನಂಥ ಸಣ್ಣ ಪೆಟ್ಟಿಗೆ ನಡುವೆ ಹಾಕಬಹುದು. ಅದು 25 ಡೆಸಿಬೆಲ್ ಎತ್ತಿಕೊಡುತ್ತದೆ. ಅದಕ್ಕೆ ರೆಕಾರ್ಡರಿನಿಂದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತು ಸಿಗಬೇಕು. ಏನೇ ಇರಲಿ, ಗೋಡೆಯ ಕರೆಂಟಿಗೆ ಚುಚ್ಚಬೇಡಿ, ಸೆಲ್ಲಿನಲ್ಲೇ ನಡೆಸಿ; 50 ಹರ್ಟ್ಸ್ ಗುಂಯ್‌ಗುಡುವಿಕೆ ಬರುವುದು ಅಲ್ಲಿಂದಲೇ. ಮನೆಯವರನ್ನು ಕೇಳಿ ಫ್ರಿಜ್ ಬಂದ್ ಮಾಡಿ, ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ. ಮತ್ತೆ ಚಾಲೂ ಮಾಡದೆ ಹೊರಡಲು ಆಗುವುದಿಲ್ಲ.

ಈ ಯಂತ್ರಗಳನ್ನು ಎಲ್ಲರೂ ದುಡ್ಡು ಕೊಟ್ಟು ಕೊಳ್ಳಲಾಗದು, ಕೊಳ್ಳಬೇಕಾಗಿಯೂ ಇಲ್ಲ. ತಿಕೋಟಾ ರಸ್ತೆಯ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಬೀಸುವ ಪದ, ಸೋಬಾನೆ, ಜೋಗುಳ ಎಲ್ಲ ಅಡುಗೆಮನೆಯ ಹಾಡುಗಳು. ನಾನು ಪಡಸಾಲೆಯವರೆಗೆ ಹೋಗಬಲ್ಲೆ, ಅಲ್ಲಿನ ವಿದ್ಯಾರ್ಥಿನಿಯರು ಒಲೆಯ ಮುಂದೆ ಕೂರಬಲ್ಲರು. ಅವರಿಗೆ ಈ ಯಂತ್ರ ಹಿಡಿಯುವುದನ್ನು ಎರಡು ದಿನದಲ್ಲಿ ಕಲಿಸಬಹುದು, ಕರೆದರೆ ನಾನೂ ಬರುತ್ತೇನೆ. ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲ್ಲೂಕು ಕೇಂದ್ರಗಳು. ಅಲ್ಲಿನ ಗ್ರಂಥಾಲಯಗಳು ಪುಸ್ತಕ ಕೊಟ್ಟಂತೆ ಇದನ್ನೂ ಎರವಲು ಕೊಡಲಿ: ಒಂದು ರೆಕಾರ್ಡರ್, ಒಂದು ಮೈಕ್, ಗಾಳಿ ತಡೆಯುವ ತುಪ್ಪಳದ ಟೊಪ್ಪಿಗೆ, ಹೆಡ್‌ಫೋನ್, ನಾಲ್ಕು ಸೆಲ್. ಒಯ್ದವರು ಹಾಡಿನ ಮೊದಲಿಗೆ ಊರು, ದಿನಾಂಕ, ಒಪ್ಪಿದರೆ ಹಾಡಿದವರ ಹೆಸರು ಹೇಳಿ ಹಿಡಿಯಲಿ, ಒಂದು ಪ್ರತಿ ಗ್ರಂಥಾಲಯಕ್ಕೆ, ಒಂದು ಆ ಮನೆಗೆ ಕೊಡಲಿ. ಜನವರಿಯಲ್ಲಿ ದ್ರಾಕ್ಷಿ ಕೊಯ್ಲು ಶುರುವಾದರೆ ಹೆಣ್ಣುಮಕ್ಕಳಿಗೆ ಕೂರಲು ಪುರುಸೊತ್ತಿರುವುದಿಲ್ಲ. ಪಂಚಮಿಯ ಜೋಕಾಲಿ ಕಟ್ಟುವ ಹೊತ್ತಿಗೆ ಎರಡೂ ಊರಿಗೆ ಒಂದೊಂದು ಪೆಟ್ಟಿಗೆ ಬಂದಿರಬೇಕು.